ರಸಾಯನಶಾಸ್ತ್ರವೋ, ವ್ಯವಹಾರ ನಿರ್ವಹಣೆಯೋ?



ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ಪ್ರತಿ ವರ್ಷವೂ ನಮ್ಮ ಗಂಗಾನಗರದ ಮನೆಗೆ ಒಬ್ಬಿಬ್ಬರು ಹುಡುಗರು, ಅವರ ಹಿಂದೆ ತಾಯಿತಂದೆಯರು ಬರುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಮುಂದೆ ಏನು ಓದಬೇಕು ಎಂದು ಕೇಳುವುದಕ್ಕೆ ಹತ್ತಿರದಲ್ಲಿ ಒಬ್ಬ ಮೇಷ್ಟ್ರು ಇದ್ದಾರಲ್ಲ ಎಂಬ ಸಮಾಧಾನ ಅವರಿಗೆ.

ಒಂದು ಸಂಜೆ ನಮ್ಮ ಬೀದಿಯ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ವಿಜ್ಞಾನ ವಿಭಾಗದಲ್ಲಿ ಪಾಸಾಗಿದ್ದಳು. ಉಳಿದ ವಿಷಯಗಳಲ್ಲಿ ಅಂಕಗಳು ಚೆನ್ನಾಗಿಯೇ ಇದ್ದವು. ರಸಾಯನಶಾಸ್ತ್ರದಲ್ಲಿ ಮಾತ್ರ ಕಷ್ಟಪಟ್ಟು ದಡ ಸೇರಿದ್ದಳು.

"ಮೇಷ್ಟ್ರೆ, ಇವಳಿಗೆ ನೀವೇ ಒಂದು ಮಾತು ಹೇಳಿ. ಇನ್ನು ಕೆಮಿಸ್ಟ್ರಿ ಮುಖಾನೇ ನೋಡಲ್ಲ, ಬಿ.ಬಿ.ಎ. ಸೇರ್ತೀನಿ ಅಂತಾಳೆ" ಎಂದರು ತಾಯಿ.

"ಬಿ.ಬಿ.ಎ. ಒಳ್ಳೆಯ ಓದೇ. ಅದರಲ್ಲಿ ನಿನಗೆ ಯಾವುದು ಇಷ್ಟವಾಯಿತಮ್ಮ?" ಎಂದು ಕೇಳಿದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅದರಲ್ಲಿ ಮೋಲ್ ಲೆಕ್ಕ ಇರಲ್ಲ, ಸಾರ್."

ಮಿತ್ರರೆ, ಆ ಉತ್ತರ ಕೇಳಿ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಒಂದು ವಿಷಯ ಇಷ್ಟವೆಂದು ಅದನ್ನು ಆರಿಸಿಕೊಳ್ಳುವುದು ಬೇರೆ, ಇನ್ನೊಂದು ವಿಷಯಕ್ಕೆ ಹೆದರಿ ಓಡಿಹೋಗುವುದು ಬೇರೆ. ಆ ಹೆದರಿಕೆಯನ್ನು ಹುಟ್ಟಿಸಿದವರು ಯಾರು? ಸಮೀಕರಣವನ್ನು ಸರಿದೂಗಿಸಿ ಎಂದು ವರ್ಷಗಟ್ಟಲೆ ಹೇಳುತ್ತ, ಅದನ್ನೇಕೆ ಸರಿದೂಗಿಸಬೇಕು ಎಂದು ಹೇಳದೆ ಹೋದ ನನ್ನಂಥವರೇ ಅಲ್ಲವೆ? ಅಂದು ಆ ಹುಡುಗಿಗೆ ಹೇಳಿದ್ದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ರಸಾಯನಶಾಸ್ತ್ರ ಮತ್ತು ವ್ಯವಹಾರ ನಿರ್ವಹಣೆ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ವಿಷಯಗಳಲ್ಲ. ಎರಡರ ತಳದಲ್ಲಿಯೂ ಒಂದೇ ಅಭ್ಯಾಸವಿದೆ. ಅದು ಲೆಕ್ಕ ಒಪ್ಪಿಸುವ ಅಭ್ಯಾಸ.

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಗಂಗಾನಗರದಿಂದ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತಕ್ಕೆ ಬಂದು, ಅಲ್ಲಿಂದ ಸರ್ ಸಿ.ವಿ. ರಾಮನ್ ರಸ್ತೆ ಹಿಡಿದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪಕ್ಕದಲ್ಲೇ ಯಶವಂತಪುರ ಸೇರುತ್ತೇವೆ. ಯಶವಂತಪುರದ ಮುಂದಿನ ಮೆಟ್ರೋ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಒಂದು ನಿಲ್ದಾಣಕ್ಕೆ ಹೆಸರು ಕೊಡುವಷ್ಟು ಊರಿನ ಬಾಳಿನಲ್ಲಿ ಬೆರೆತುಹೋದ ಕಾರ್ಖಾನೆ ಅದು. ಈ ರಸ್ತೆಯ ಎರಡು ತುದಿಗಳ ನಡುವೆ ನಮ್ಮ ಎರಡೂ ಪಾಠಗಳು ಇವೆ.

ಮೊದಲು ಕಥೆ ಕೇಳಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಗಂಧದ ಮರ ಬಹುಮಟ್ಟಿಗೆ ಜರ್ಮನಿ ಮೊದಲಾದ ಯೂರೋಪಿನ ದೇಶಗಳಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿ, ಗಂಧದ ಕೊರಡುಗಳು ಇಲ್ಲೇ ರಾಶಿ ಬಿದ್ದವು. ಕೊಳ್ಳುವವರಿಲ್ಲದ ಸರಕು ಕೈಯಲ್ಲಿದ್ದರೆ ಏನು ಮಾಡಬೇಕು? ಇದು ವ್ಯವಹಾರದ ಪ್ರಶ್ನೆ. ಬೆಲೆ ಇಳಿಸಿ ಮಾರಬಹುದು, ಯುದ್ಧ ಮುಗಿಯಲೆಂದು ಕಾಯಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಮತ್ತು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಕಾಲದಲ್ಲಿ ಹಿಡಿದ ದಾರಿ ಮೂರನೆಯದು: ಎಣ್ಣೆಯನ್ನು ನಾವೇ ತೆಗೆಯೋಣ.

ತೀರ್ಮಾನವೇನೋ ಆಯಿತು, ತೆಗೆಯುವುದು ಹೇಗೆ? ಈಗ ಪ್ರಶ್ನೆ ರಸಾಯನಶಾಸ್ತ್ರದ್ದು. ಅದಕ್ಕೆ ಉತ್ತರ ಸಿಕ್ಕಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡ ಆ ಸಂಸ್ಥೆಯ ಆರಂಭದ ವಿಭಾಗಗಳಲ್ಲೇ ರಸಾಯನಶಾಸ್ತ್ರ ಇತ್ತು. ಅದರ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್ ಅವರು ವಿಲಿಯಂ ರಾಮ್ಸೆಯವರೊಡನೆ 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದ ಮರದಿಂದ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು.

ಗಂಧದ ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯಬೇಕಾದರೆ ನೀರಿಗಿಂತ ಎಷ್ಟೋ ಹೆಚ್ಚು ಶಾಖ ಬೇಕು. ಅಷ್ಟು ಕಾಯಿಸಿದರೆ ಪರಿಮಳ ಕೆಡುತ್ತದೆ. ಆದರೆ ಪುಡಿ ಮಾಡಿದ ಮರದ ಮೂಲಕ ನೀರಿನ ಹಬೆ ಹಾಯಿಸಿದರೆ, ಹಬೆಯ ಜೊತೆಯಲ್ಲೇ ಎಣ್ಣೆಯೂ 100 ಡಿಗ್ರಿ ಸೆಲ್ಸಿಯಸ್ ಒಳಗೇ ಆವಿಯಾಗಿ ಬರುತ್ತದೆ. ತಣ್ಣಗಾದ ಮೇಲೆ ನೀರು ಬೇರೆ, ಎಣ್ಣೆ ಬೇರೆ. ಪ್ರಯೋಗಾಲಯದಲ್ಲಿ ನೀವು ಮಾಡುವ ಹಬೆ ಬಟ್ಟಿಯ ಪ್ರಯೋಗ ಇದೇ.

ಎಣ್ಣೆಯಿಂದ ಸಾಬೂನಿಗೆ ಇನ್ನೊಂದು ಹೆಜ್ಜೆ. ಸೋಸಲೆ ಗರಳಪುರಿ ಶಾಸ್ತ್ರಿಗಳು ಎಂಬ ರಸಾಯನ ತಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆ ಕಲಿತು ಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು. 1957ರಲ್ಲಿ ಅದು ಈಗಿನ ಜಾಗಕ್ಕೆ ಬಂತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು.

ಈಗ ಆ ಹುಡುಗಿ ಹೆದರಿದ ಮೋಲ್ ಲೆಕ್ಕಕ್ಕೆ ಬರೋಣ. ಸಾಬೂನು ಎಂದರೆ ಕೊಬ್ಬು ಅಥವಾ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆಗುವ ವಸ್ತು. ಜೊತೆಯಲ್ಲಿ ಗ್ಲಿಸರಾಲ್ ಹುಟ್ಟುತ್ತದೆ. ಇದಕ್ಕೆ ಸಾಬೂನೀಕರಣ ಎಂದು ಹೆಸರು. ಲೆಕ್ಕ ಸುಲಭವಾಗಲೆಂದು ಟ್ರೈಸ್ಟಿಯರಿನ್ ಎಂಬ ಒಂದೇ ಕೊಬ್ಬನ್ನು ತೆಗೆದುಕೊಳ್ಳೋಣ. ಅದರ ಒಂದು ಮೋಲ್ 890 ಗ್ರಾಂ ತೂಗುತ್ತದೆ. ಅದಕ್ಕೆ ಮೂರು ಮೋಲ್ ಕಾಸ್ಟಿಕ್ ಸೋಡಾ ಬೇಕು, ಅಂದರೆ 40ರ ಮೂರರಷ್ಟು, 120 ಗ್ರಾಂ. ಒಳಗೆ ಹೋದದ್ದು ಒಟ್ಟು 1010 ಗ್ರಾಂ. ಹೊರಗೆ ಬಂದದ್ದು? ಮೂರು ಮೋಲ್ ಸಾಬೂನು, 306ರ ಮೂರರಷ್ಟು, 918 ಗ್ರಾಂ. ಒಂದು ಮೋಲ್ ಗ್ಲಿಸರಾಲ್, 92 ಗ್ರಾಂ. ಕೂಡಿಸಿ ನೋಡಿ: 1010.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆ ಹುಡುಗಿಯ ತಾಯಿ ಒಂದು ಮಾತೆಂದರು: "ನಮ್ಮ ಮಹಿಳಾ ಸಂಘದ ಜಮಾ ಖರ್ಚಿನ ಪುಸ್ತಕದ ಹಾಗೇ ಇದೆಯಲ್ಲ ಮೇಷ್ಟ್ರೆ!" ನಾನು ಹೇಳಬೇಕೆಂದಿದ್ದ ಮಾತು ಅದೇ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಎರಡೂ ತಾಳೆಯಾಗಬೇಕು. ವಾಣಿಜ್ಯದ ವಿದ್ಯಾರ್ಥಿ ಅದನ್ನು ಅಢಾವೆ ಪತ್ರಿಕೆಯಲ್ಲಿ ಕಲಿಯುತ್ತಾನೆ, ವಿಜ್ಞಾನದ ವಿದ್ಯಾರ್ಥಿ ಸಮೀಕರಣದಲ್ಲಿ ಕಲಿಯುತ್ತಾನೆ. ತಾಳೆಯಾಗದಿದ್ದರೆ ಇಬ್ಬರೂ ಮಾಡಬೇಕಾದ್ದು ಒಂದೇ: ತಪ್ಪಿದ್ದೆಲ್ಲಿ ಎಂದು ಹುಡುಕುವುದು.

ಇದು ಬರಿಯ ಹೋಲಿಕೆಯಲ್ಲ, ಚರಿತ್ರೆಯಲ್ಲಿಯೂ ಹೀಗೇ ನಡೆದಿದೆ. ರಾಸಾಯನಿಕ ಕ್ರಿಯೆಯಲ್ಲಿ ರಾಶಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬುದನ್ನು ತಕ್ಕಡಿ ಹಿಡಿದು ನೆಲೆಗೊಳಿಸಿದ ಲಾವಾಸಿಯೆ, ಫ್ರಾನ್ಸಿನಲ್ಲಿ ತೆರಿಗೆ ವಸೂಲಿ ಮಾಡುವ ಖಾಸಗಿ ಸಂಸ್ಥೆಯೊಂದರ ಪಾಲುದಾರನಾಗಿದ್ದವನು. ಲೆಕ್ಕದ ಪುಸ್ತಕಗಳ ನಡುವೆ ಬಾಳಿದವನು. 1794ರಲ್ಲಿ ಅವನನ್ನು ಗಿಲೊಟಿನ್‌ಗೆ ಒಪ್ಪಿಸಿದ್ದೂ ಆ ತೆರಿಗೆ ಸಂಸ್ಥೆಯ ಸಂಬಂಧಕ್ಕಾಗಿಯೇ. ಇನ್ನೊಂದು ಕಡೆ ನೋಡಿ. ವ್ಯವಹಾರ ಅಧ್ಯಯನದ ಪಠ್ಯದಲ್ಲಿ ನೀವು ಬಾಯಿಪಾಠ ಮಾಡುವ ನಿರ್ವಹಣೆಯ 14 ತತ್ವಗಳನ್ನು ಹೇಳಿದ ಹೆನ್ರಿ ಫಯೋಲ್ ಒಬ್ಬ ಗಣಿ ಎಂಜಿನಿಯರ್. ಮುಳುಗುವ ಸ್ಥಿತಿಯಲ್ಲಿದ್ದ ಗಣಿ ಕಂಪನಿಯನ್ನು 1888ರಲ್ಲಿ ವಹಿಸಿಕೊಂಡು ಮೇಲೆತ್ತಿದ ಅನುಭವವನ್ನೇ ಅವರು 1916ರಲ್ಲಿ ಪ್ರಕಟಿಸಿದರು. ಮೈಸೂರಿನಲ್ಲಿ ಗಂಧದೆಣ್ಣೆ ಬಟ್ಟಿ ಇಳಿಯತೊಡಗಿದ್ದೂ ಅದೇ ವರ್ಷ. ವೈಜ್ಞಾನಿಕ ನಿರ್ವಹಣೆಯ ಪುಸ್ತಕವನ್ನು 1911ರಲ್ಲಿ ಬರೆದ ಫ್ರೆಡ್ರಿಕ್ ಟೇಲರ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಎಂಜಿನಿಯರ್. ನಿರ್ವಹಣಾ ಶಾಸ್ತ್ರ ಹುಟ್ಟಿದ್ದು ಕುಲುಮೆಯ ಪಕ್ಕದಲ್ಲಿ, ಗಣಿಯ ಬಾಯಲ್ಲಿ.

ಮತ್ತೆ ನಮ್ಮ ಸಾಬೂನಿಗೆ ಬರೋಣ. 890 ಕಿಲೋ ಕೊಬ್ಬಿಗೆ 120 ಕಿಲೋ ಕಾಸ್ಟಿಕ್ ಸೋಡಾ ಸಾಕು. ಕೈತಪ್ಪಿ 130 ಕಿಲೋ ಹಾಕಿದರೆ 10 ಕಿಲೋ ಹಾಗೇ ಉಳಿದು ಮೈ ಉರಿಸುತ್ತದೆ. 110 ಕಿಲೋ ಮಾತ್ರ ಹಾಕಿದರೆ ಸುಮಾರು 74 ಕಿಲೋ ಕೊಬ್ಬು ಸಾಬೂನಾಗದೆ ಉಳಿಯುತ್ತದೆ. ಇದೇ ನೀವು ಓದುವ ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಮುಗಿದುಹೋಗಿ ಉಳಿದವನ್ನೆಲ್ಲ ಕಾಯಿಸುವ ವಸ್ತು. ನಿಜವಾದ ಎಣ್ಣೆಗಳು ಹಲವು ಕೊಬ್ಬುಗಳ ಬೆರಕೆಯಾದ್ದರಿಂದ, ಬೇರೆ ಬಗೆಯ ಎಣ್ಣೆ ಬಂದಾಗ ಎಷ್ಟು ಕಾಸ್ಟಿಕ್ ಬೇಕೆಂದು ಅಳೆಯಲೇಬೇಕು. ಅಗ್ಗವಾಗಿ ಸಿಕ್ಕಿತೆಂದು ಬೇರೆ ಎಣ್ಣೆ ಕೊಂಡು ತಂದ ಖರೀದಿ ಅಧಿಕಾರಿ ಪ್ರಯೋಗಾಲಯಕ್ಕೆ ಹೇಳದಿದ್ದರೆ ಆ ದಿನದ ಸರಕು ಕೆಟ್ಟಿತೆಂದೇ ಲೆಕ್ಕ. ಗ್ಲಿಸರಾಲನ್ನು ಚರಂಡಿಗೆ ಬಿಡಬೇಕೋ, ಶುದ್ಧ ಮಾಡಿ ಔಷಧ ಮತ್ತು ಪ್ರಸಾಧನ ತಯಾರಿಸುವವರಿಗೆ ಮಾರಬೇಕೋ? ಸಮೀಕರಣದ ಮೂಲೆಯಲ್ಲಿ ಕೂತ ಆ 92 ಗ್ರಾಂ ಎಷ್ಟೋ ಕಡೆ ಲಾಭನಷ್ಟದ ಗೆರೆಯನ್ನೇ ಬದಲಿಸಿದೆ.

ಇಡೀ ಉದ್ದಿಮೆಯನ್ನು ಒಂದು ಸಮೀಕರಣವೆಂದು ಭಾವಿಸಿದರೆ, ಅದರಲ್ಲಿ ಮೊದಲು ಮುಗಿಯುವ ವಸ್ತು ಯಾವುದು? ಕಾಸ್ಟಿಕ್ ಸೋಡಾ ಅಲ್ಲ, ಎಣ್ಣೆಯೂ ಅಲ್ಲ. ಗಂಧದ ಮರ. ಅದು ಅರೆ ಪರಾವಲಂಬಿ ಗಿಡ. ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದು ಬೆಳೆಯುತ್ತದೆ. ಚೇಗು ಕಟ್ಟುವುದಕ್ಕೆ ವರ್ಷಗಟ್ಟಲೆ ಕಾಯಬೇಕು. ಬಹುಕಾಲ ಗಂಧದ ಮರ ಯಾರ ಹೊಲದಲ್ಲಿದ್ದರೂ ಸರ್ಕಾರದ್ದೇ ಎಂದಿತ್ತು. ತನ್ನದಲ್ಲದ ಮರವನ್ನು ರೈತ ಏಕೆ ನೆಟ್ಟಾನು? ಮರ ಕಡಿಮೆಯಾಯಿತು, ಕಳ್ಳಸಾಗಣೆ ಹೆಚ್ಚಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಬೆಳೆದವನಿಗೆ ಮರದ ಒಡೆತನ ಕೊಟ್ಟಿತು. ಸಾಬೂನು ಕಾರ್ಖಾನೆಯೂ ಗಂಧ ಬೆಳೆಯಿರಿ ಎಂದು ರೈತರನ್ನು ಪ್ರೋತ್ಸಾಹಿಸುವ ಯೋಜನೆ ಹಾಕಿಕೊಂಡಿತು. ಇಲ್ಲಿ ಸಸ್ಯಶಾಸ್ತ್ರ, ಕಾನೂನು, ರಸಾಯನಶಾಸ್ತ್ರ, ನಿರ್ವಹಣೆ ಎಲ್ಲವೂ ಒಂದೇ ಕೊರಡಿನ ಸುತ್ತ ಕೂತಿವೆ.

ಪರಿಮಳ ಒಳ್ಳೆಯದಿದ್ದರೆ ಸಾಕೆ? ಸಾಲದು. 1990ರ ದಶಕದಲ್ಲಿ ಇದೇ ಸಂಸ್ಥೆ ನಷ್ಟಕ್ಕೆ ಸಿಕ್ಕಿ, ರೋಗಗ್ರಸ್ತ ಉದ್ದಿಮೆಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿಯ ಮುಂದೆ ನಿಂತಿತ್ತು. 2003ರ ಹೊತ್ತಿಗೆ ಹಿಂದಿನ ನಷ್ಟವನ್ನೆಲ್ಲ ತೀರಿಸಿಕೊಂಡು ಎದ್ದಿತು. ಒಳ್ಳೆಯ ರಸಾಯನಶಾಸ್ತ್ರವನ್ನು ಕೆಟ್ಟ ಲೆಕ್ಕ ಮುಳುಗಿಸಬಲ್ಲದು. ಹಾಗೆಯೇ ಸರಕು ಕೆಟ್ಟಿದ್ದರೆ ಎಂಥ ನಿರ್ವಾಹಕನೂ ಅದನ್ನು ಬಹಳ ದಿನ ಮಾರಲಾರ.

ಹಾಗಾದರೆ ನೀವು ಏನು ಓದಬೇಕು? ಕೆಲವು ನೇರ ಮಾತು ಹೇಳುತ್ತೇನೆ.

ಮೊದಲನೆಯದು ಬಾಗಿಲುಗಳ ವಿಚಾರ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಬಿ.ಬಿ.ಎ. ಸೇರಬಹುದು. ಬಿ.ಎಸ್ಸಿ. ಮುಗಿಸಿದವರೂ ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕೂರಬಹುದು. ಆದರೆ ಬಿ.ಬಿ.ಎ. ಮುಗಿಸಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಹೋಗುವುದು ಸುಲಭವಲ್ಲ. ಒಂದು ಬಾಗಿಲು ಎರಡೂ ಕಡೆ ಸಲೀಸಾಗಿ ತೆರೆಯುತ್ತದೆ, ಇನ್ನೊಂದು ಒಂದೇ ಕಡೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಇದನ್ನು ಈಗಲೇ ತಿಳಿದಿರಬೇಕು. ಹಾಗೆಂದು ವಿಜ್ಞಾನವೇ ಮೇಲು ಎಂದು ನಾನು ಹೇಳುತ್ತಿಲ್ಲ. ಜನರೊಡನೆ ಬೆರೆತು ಕೆಲಸ ಮಾಡುವುದು, ಲೆಕ್ಕ ಬರೆಯುವುದು, ಅಂಗಡಿ ನಡೆಸುವುದು ನಿಜವಾಗಿ ಇಷ್ಟವಿರುವವರು ಧೈರ್ಯವಾಗಿ ಬಿ.ಬಿ.ಎ. ಸೇರಲಿ.

ಎರಡನೆಯದು, ಬಿ.ಬಿ.ಎ.ಯಲ್ಲಿ ಲೆಕ್ಕ ಇರುವುದಿಲ್ಲ ಎಂಬ ಭ್ರಮೆ ಬೇಡ. ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ವೆಚ್ಚದ ಲೆಕ್ಕ ಎಲ್ಲವೂ ಅಲ್ಲಿವೆ. ಮೋಲ್ ಲೆಕ್ಕದಿಂದ ಓಡಿಹೋದವರು ಅಲ್ಲಿ ತಾಳೆಪಟ್ಟಿಯ ಕೈಗೆ ಸಿಕ್ಕಿಬೀಳುತ್ತಾರೆ.

ಮೂರನೆಯದು, ಪದವಿ ಮೊದಲ ವರ್ಷದ ರಸಾಯನಶಾಸ್ತ್ರ ಎಂದರೆ ಬಾಯಿಪಾಠದ ಹೊರೆಯಲ್ಲ. ಪರಮಾಣುವಿನ ರಚನೆ, ಬಂಧ, ಅನಿಲಗಳ ಗುಣ, ಸಾವಯವದ ಮೊದಲ ಪಾಠಗಳು, ಜೊತೆಗೆ ಪ್ರಯೋಗಾಲಯ. ಬ್ಯೂರೆಟ್ಟಿನಿಂದ ಒಂದು ಹನಿ ಹೆಚ್ಚು ಬಿದ್ದರೆ ಬಣ್ಣ ತಿರುಗಿಬಿಡುತ್ತದೆ. ಕೈ ನಿಧಾನ, ಕಣ್ಣು ಚುರುಕು, ಬಂದ ಅಂಕಿಯನ್ನು ಬಂದ ಹಾಗೆ ಬರೆಯುವ ಪ್ರಾಮಾಣಿಕತೆ, ಈ ಮೂರನ್ನು ಅದು ಕಲಿಸುತ್ತದೆ. ಮುಂದೆ ಯಾವ ಕಚೇರಿಯಲ್ಲಿ ಕೂತರೂ ಈ ಮೂರೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ರಸಾಯನಶಾಸ್ತ್ರದ ವಿಭಾಗಗಳ ಜೊತೆಗೆ ನಿರ್ವಹಣಾ ಅಧ್ಯಯನದ ವಿಭಾಗವೂ ಇದೆ ಎಂಬುದನ್ನು ಮರೆಯಬೇಡಿ.

ಕೊನೆಯದಾಗಿ, ಈ ದಿನವೇ ಮಾಡಬಹುದಾದ ಒಂದು ಮನೆಗೆಲಸ. ಬಚ್ಚಲಿನ ಸಾಬೂನಿನ ಹೊದಿಕೆಯನ್ನು ಓದಿ. ಟಿ.ಎಫ್.ಎಂ. ಎಂದು ಒಂದು ಅಂಕಿ ಇರುತ್ತದೆ. ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶ ಅದು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಅದು ಶೇಕಡಾ 76ಕ್ಕೆ ಕಡಿಮೆ ಇರಬಾರದು. ಈಗ ಒಂದು ಲೆಕ್ಕ. 100 ಗ್ರಾಂನ ಒಂದು ಸಾಬೂನಿಗೆ 40 ರೂಪಾಯಿ, ಟಿ.ಎಫ್.ಎಂ. 76 ಎಂದುಕೊಳ್ಳಿ. ಅಷ್ಟೇ ತೂಕದ ಇನ್ನೊಂದಕ್ಕೆ 33 ರೂಪಾಯಿ, ಟಿ.ಎಫ್.ಎಂ. 60. ಯಾವುದು ಅಗ್ಗ? ಭಾಗಿಸಿ ನೋಡಿ. ಮೊದಲನೆಯದರಲ್ಲಿ ಒಂದು ಗ್ರಾಂ ಕೊಬ್ಬಿನ ಅಂಶಕ್ಕೆ ಸುಮಾರು 53 ಪೈಸೆ, ಎರಡನೆಯದರಲ್ಲಿ 55 ಪೈಸೆ. ಅಗ್ಗವೆಂದು ಕೊಂಡದ್ದೇ ತುಟ್ಟಿಯಾಯಿತು! ಈ ಲೆಕ್ಕದಲ್ಲಿ ರಸಾಯನಶಾಸ್ತ್ರ ಎಲ್ಲಿ ಮುಗಿಯಿತು, ವ್ಯವಹಾರ ಎಲ್ಲಿ ಶುರುವಾಯಿತು, ಹೇಳಬಲ್ಲಿರಾ?

ಆ ಹುಡುಗಿಯ ವಿಚಾರ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ಅವಳು ಕೊನೆಗೆ ಬಿ.ಬಿ.ಎ.ಗೇ ಸೇರಿದಳು. ನನಗೆ ಬೇಸರವಾಗಲಿಲ್ಲ. ಏಕೆಂದರೆ ಸೇರುವ ಮುಂಚೆ ಒಂದು ವಾರ ದಿನವೂ ಸಂಜೆ ಬಂದು ಮೋಲ್ ಲೆಕ್ಕಗಳನ್ನು ಮಾಡಿದಳು. ಏಳನೆಯ ದಿನ, "ಸಾರ್, ಈಗ ಇದು ಬರುತ್ತೆ. ಆದ್ರೂ ನನಗೆ ಬಿ.ಬಿ.ಎ.ನೇ ಇಷ್ಟ" ಎಂದಳು. ಮೊದಲ ದಿನ ಅವಳು ಓಡಿಹೋಗುತ್ತಿದ್ದಳು. ಏಳನೆಯ ದಿನ ಆರಿಸಿಕೊಂಡಳು. ಸೇರಿದ್ದು ಅದೇ ತರಗತಿ, ಆದರೆ ಸೇರಿದ ಹುಡುಗಿ ಬೇರೆ.

ನಿಮಗೂ ಯಾವುದೋ ಒಂದು ವಿಷಯ ಹೆದರಿಕೆ ಹುಟ್ಟಿಸಿರಬಹುದು. ಅದನ್ನು ಬಿಡುವುದಾದರೂ ಒಂದು ವಾರ ಎದುರಿಗೆ ಕೂತು ನೋಡಿ, ಆಮೇಲೆ ಬಿಡಿ.